ಬೆಟ್ಟ ಹತ್ತುವ ಕಾವೇರಿ ಮತ್ತು ನಮ್ಮನೆ ಅಬ್ಬಿ

ಶೃಂಗೇರಿಯಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಮನೆ ಹಿಂದಿನ ದರೆಯ ಮೇಲಿಂದ ಒಂದು ಸಣ್ಣ ಸರ ಇಳಿದು ಬರುತ್ತೆ. ಅದಕ್ಕೆ ಮೇಲೆಲ್ಲೋ ಕಾನಿನ ಒಳಗೆ ಕಲ್ಲು ಮಣ್ಣಿನ ಒಂದು ಕಟ್ಟು, ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಗಳ ಸಾಲು, ಕೊನೆಯ ದಂಬೆಯ ಬಾಯಿ ನಮ್ಮ ಬಚ್ಚಲ ಹಂಡೆಯ ಮೇಲೆ. ಇದನ್ನೇ ನಮ್ಮ ಕಡೆ ಅಬ್ಬಿ ಅನ್ನೋದು. ನಾನು ಚಿಕ್ಕವನಿದ್ದಾಗ ನಮ್ಮನೆಗೆ ನಲ್ಲಿ ಇರಲಿಲ್ಲ, ತಿರುಪಬೇಕಾದ ಏನೂ ಇರಲಿಲ್ಲ. ಹಗಲೂ ರಾತ್ರಿ ನೀರು ಬೀಳುತ್ತಲೇ ಇರುತ್ತಿತ್ತು. ಹಂಡೆ ತುಂಬಿ ಹೆಚ್ಚಾದದ್ದು ತೋಟಕ್ಕೆ, ತೋಟದಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಇರದಿದ್ದರೂ ನೀರಿಗೆ ಒಂದು ದಿನ ತೊಂದರೆ ಆಗಿದ್ದು ನೆನಪಿಲ್ಲ.

ಈಗ ನಾನಿರೋದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ. 2024ರ ಮಾರ್ಚ್ ನಿಮಗೆಲ್ಲ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ರೇಟು ಏರಿ, ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಂಥದೊಂದು ರಾತ್ರಿ ಕರೆಂಟೂ ಹೋಯ್ತು. ಜನರೇಟರ್ ಲಿಫ್ಟಿಗೆ ಬಂತು, ಪಂಪಿಗೆ ಬರಲಿಲ್ಲ. ಸಂಪಿನಲ್ಲಿ ಟ್ಯಾಂಕರ್ ನೀರು ತುಂಬಿದೆ, ನಲ್ಲಿಯಲ್ಲಿ ಗಾಳಿ. ಕತ್ತಲಲ್ಲಿ ಕೂತಾಗ ತಲೆಗೆ ಬಂದ ಪ್ರಶ್ನೆ ಇದು: ನಮಗೆ ಅವತ್ತು ಕೊರತೆ ಆಗಿದ್ದು ನೀರೋ, ಕರೆಂಟೋ? ಒಂದು ಬಕೆಟ್ ನೀರು ನನ್ನ ಬಾತ್‌ರೂಮಿಗೆ ಬಂದು ಮುಟ್ಟೋಕೆ ಎಷ್ಟು ಕರೆಂಟು ಬೇಕು?

ಕಂಪನಿಯಲ್ಲಿ ನನ್ನ ಕೆಲಸವೇ ಯಾವ ಸರ್ವರ್ ಎಷ್ಟು ತಿನ್ನುತ್ತೆ ಅಂತ ಅಳೆದು ಗ್ರಾಫ್ ಹಾಕೋದು. ದಿನಾ ಮೈಮೇಲೆ ಸುರಿದುಕೊಳ್ಳೋ ನೀರಿನ ಲೆಕ್ಕ ಮಾತ್ರ ಗೊತ್ತಿರಲಿಲ್ಲ. ಹಾಗೆ ಶುರುವಾದ ಹುಡುಕಾಟ ನನ್ನನ್ನು ಬಿಜಾಪುರ, ಇಂಗ್ಲೆಂಡಿನ ಗಣಿಗಳು, ಶಿವನಸಮುದ್ರ ಎಲ್ಲ ಸುತ್ತಿಸಿ ತಂದಿತು.

ಮೊದಲು ಪಿಯುಸಿ ಫಿಸಿಕ್ಸು ಸ್ವಲ್ಪ. ಹೆದರಬೇಡಿ, ಒಂದೇ ಪ್ಯಾರಾ. ಒಂದು ಕಿಲೋಲೀಟರ್ ಅಂದರೆ ಸಾವಿರ ಲೀಟರ್, ಒಂದು ಟನ್ ತೂಕ. ಅದನ್ನು ನೂರು ಮೀಟರ್ ಮೇಲೆತ್ತಲು ಲೆಕ್ಕದ ಪ್ರಕಾರ ಬೇಕಾದ್ದು 0.27 ಯೂನಿಟ್ ಕರೆಂಟು. ಆದರೆ ಯಾವ ಪಂಪೂ ಕೊಟ್ಟಿದ್ದನ್ನೆಲ್ಲ ಕೆಲಸಕ್ಕೆ ಹಾಕೋದಿಲ್ಲ. ಒಳ್ಳೆಯ ದೊಡ್ಡ ಪಂಪು ಮೋಟಾರು ಸೇರಿ ನೂರಕ್ಕೆ ಎಪ್ಪತ್ತೈದು ಕೊಟ್ಟರೆ ಸಂತೋಷ. ಹಾಗಾಗಿ ಕಿಲೋಲೀಟರಿಗೆ, ನೂರು ಮೀಟರಿಗೆ, 0.36 ಯೂನಿಟ್ ಅಂತ ಇಟ್ಟುಕೊಳ್ಳಿ. ಈ ಒಂದು ಅಂಕಿ ಜೇಬಲ್ಲಿದ್ದರೆ ಯಾವ ಊರಿನ ನೀರಿನ ಯೋಜನೆಯನ್ನಾದರೂ ತೂಗಿ ನೋಡಬಹುದು.

ಹಿಂದಿನವರಿಗೆ ಯೂನಿಟ್ ಗೊತ್ತಿರಲಿಲ್ಲ, ಇಳಿಜಾರು ಚೆನ್ನಾಗಿ ಗೊತ್ತಿತ್ತು. ಬಿಜಾಪುರಕ್ಕೆ ಹೋದವರು ಗೋಲಗುಮ್ಮಟ ನೋಡಿ ಬರ್ತಾರೆ, ಊರೊಳಗೆ ಅಲ್ಲಲ್ಲಿ ನಿಂತಿರುವ ಚೌಕಾಕಾರದ ಕಲ್ಲಿನ ಗೋಪುರಗಳನ್ನು ಕೇಳೋರಿಲ್ಲ. ಅವು ಗಂಜ್‌ಗಳು. ಪಶ್ಚಿಮದ ತೊರವಿ ಕಡೆಯಿಂದ, ಆಮೇಲೆ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ, ನೆಲದೊಳಗಿನ ಕೊಳವೆಗಳಲ್ಲಿ ನೀರು ಊರಿಗೆ ಹರಿದು ಬರುತ್ತಿತ್ತು. ದಾರಿಯಲ್ಲಿ ಒತ್ತಡ ಜಾಸ್ತಿಯಾಗಿ ಮಣ್ಣಿನ ಕೊಳವೆ ಒಡೆಯಬಾರದಲ್ಲ, ಅದಕ್ಕೆ ಗಂಜ್‌ನಲ್ಲಿ ನೀರನ್ನು ಮೇಲೇರಲು ಬಿಟ್ಟು ಒತ್ತಡ ಕಳೆಯುತ್ತಿದ್ದರು. ಹೂಳೂ ಅಲ್ಲೇ ತಳ ಸೇರುತ್ತಿತ್ತು. ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್ ಇದೆ. ಅಲ್ಲಿಯವರು ಸುರಂಗ ಬಾವಿ ಅಂತಾರೆ. ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ, ಮಧ್ಯೆ ಮಧ್ಯೆ ಗಾಳಿಗೆ, ಹೂಳೆತ್ತಲಿಕ್ಕೆ ಬಾವಿಯಂಥ ಕಂಡಿಗಳು. ಕಾಸರಗೋಡು ಕಡೆಯ ಕೃಷಿಕರ ಸುರಂಗಗಳೂ ಇದೇ ಜಾತಿ. ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದರೆ ನೀರು ತಾನಾಗಿ ಆಚೆ ಬರುತ್ತೆ.

ನಮ್ಮನೆ ಅಬ್ಬಿ, ಬಿಜಾಪುರದ ಗಂಜ್, ಬೀದರಿನ ಕರೇಜ್ ಎಲ್ಲದರ ಕರೆಂಟು ಬಿಲ್ಲು ಸೊನ್ನೆ. ಅಂದರೆ ಪುಕ್ಕಟೆ ಅಂತಲ್ಲ. ಕಟ್ಟೋಕೆ, ಹೂಳೆತ್ತೋಕೆ ಜನ ಬೆವರು ಸುರಿಸಲೇಬೇಕು. ಇನ್ನೊಂದು ಬೆಲೆಯೂ ಇತ್ತು: ಎಲ್ಲಿ ನೀರು ಇಳಿದು ಬರುತ್ತೋ ಅಲ್ಲೇ ಊರು ಇರಬೇಕು, ನೀರು ಇದ್ದಷ್ಟೇ ಊರು ಬೆಳೆಯಬೇಕು.

ಆ ಲೆಕ್ಕದಲ್ಲಿ ಬೆಂಗಳೂರು ಹುಟ್ಟಿದ್ದೇ ತಪ್ಪು ಜಾಗದಲ್ಲಿ. ಇದು ದಿಬ್ಬದ ಮೇಲಿನ ಊರು. ಮಳೆ ಬಿದ್ದರೆ ಒಂದು ಪಕ್ಕದ ನೀರು ಅರ್ಕಾವತಿ ಕಡೆ, ಇನ್ನೊಂದು ಪಕ್ಕದ ನೀರು ದಕ್ಷಿಣ ಪಿನಾಕಿನಿ ಕಡೆ. ದೊಡ್ಡ ನದಿ ಯಾವುದೂ ಹತ್ತಿರ ಇಲ್ಲ. 1537ರಲ್ಲಿ ಕೋಟೆ ಕಟ್ಟಿದ ಕೆಂಪೇಗೌಡರಿಗೂ ಅವರ ನಂತರದವರಿಗೂ ಇದು ಗೊತ್ತಿತ್ತು. ಅದಕ್ಕೇ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು. ಬಿದ್ದ ನೀರು ಓಡಿಹೋಗುವ ಮೊದಲು ಹಿಡಿದಿಟ್ಟುಕೊಳ್ಳೋದು, ಒಂದು ಕೆರೆ ತುಂಬಿದರೆ ಕೋಡಿ ಬಿದ್ದು ಕೆಳಗಿನ ಕೆರೆಗೆ. ಬಾವಿಯಿಂದ ಎತ್ತೋಕೆ ಏತ, ಕಪಿಲೆ. ಶಕ್ತಿ ಅಂದರೆ ಮನುಷ್ಯರ ರಟ್ಟೆ, ಎತ್ತಿನ ಹೆಗಲು. ಈಗ ಧರ್ಮಾಂಬುಧಿ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ನಾನು ಶೃಂಗೇರಿ ಬಸ್ಸು ಹತ್ತೋದೇ ಕೆರೆಯೊಳಗೆ ನಿಂತು!

ನೀರೆತ್ತುವ ಶಕ್ತಿಯನ್ನು ಮೊದಲು ಸರಿಯಾಗಿ ಅಳೆದವರು ನೀರು ಬೇಡ ಅಂದವರು, ಇದು ಚರಿತ್ರೆಯ ತಮಾಷೆ. ಇಂಗ್ಲೆಂಡಿನ ಗಣಿಗಳಲ್ಲಿ ತುಂಬುವ ನೀರನ್ನು ಹೊರಹಾಕಲು 1712ರಲ್ಲಿ ನ್ಯೂಕೋಮೆನ್‌ನ ಉಗಿ ಯಂತ್ರ ಬಂತು. ಆಮೇಲೆ ಬಂದ ಜೇಮ್ಸ್ ವಾಟ್ ಮತ್ತು ಬೋಲ್ಟನ್ ಜೋಡಿ ಗಣಿಯವರಿಗೆ ಹೇಳಿದ್ದು ಹೀಗೆ: ನಮ್ಮ ಯಂತ್ರ ಹಾಕಿಕೊಳ್ಳಿ, ಹಳೇ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತೋ ಅದರ ಬೆಲೆಯ ಮೂರನೇ ಒಂದು ಭಾಗ ನಮಗೆ ಕೊಡಿ. ದುಡ್ಡು ಉಳಿತಾಯದ ಮೇಲೆ ನಿಂತಿತು ಅಂದಮೇಲೆ ಅಳೆಯಲೇಬೇಕಲ್ಲ! ಒಂದು ಬುಶೆಲ್ ಕಲ್ಲಿದ್ದಲು ಸುಟ್ಟರೆ ಎಷ್ಟು ಪೌಂಡ್ ನೀರು ಒಂದು ಅಡಿ ಮೇಲೆ ಬರುತ್ತೆ, ಇದಕ್ಕೆ ಅವರು ಡ್ಯೂಟಿ ಅಂತ ಹೆಸರಿಟ್ಟರು. ಇವತ್ತು ನಾವು ಕಿಲೋಲೀಟರಿಗೆ ಎಷ್ಟು ಯೂನಿಟ್ ಅಂತ ಕೇಳ್ತೀವಲ್ಲ, ಅದನ್ನೇ ತಿರುಗಿಸಿ ಕೇಳಿದ ಪ್ರಶ್ನೆ. ನಮ್ಮೂರಿನ ಪ್ರತಿ ತೋಟದ ಪಂಪಿನ ಮೇಲೂ ಬರೆದಿರುವ ಎಚ್‌ಪಿ ಕೂಡ ವಾಟ್ ತನ್ನ ಯಂತ್ರವನ್ನು ಕುದುರೆಗೆ ಹೋಲಿಸಿ ಮಾರಲು ಮಾಡಿಕೊಂಡ ಅಳತೆಯೇ.

1811ರಲ್ಲಿ ಕಾರ್ನ್‌ವಾಲ್ ಎಂಬ ಗಣಿ ಸೀಮೆಯಲ್ಲಿ ಜೋಯೆಲ್ ಲೀನ್ ಎಂಬಾತ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೇರೆ ಬೇರೆ ಗಣಿಗಳ ಪಂಪುಗಳ ಡ್ಯೂಟಿ ಅಳೆದು ತಿಂಗಳು ತಿಂಗಳು ಅಚ್ಚು ಹಾಕಿಸಲು ಶುರುಮಾಡಿದ. ಯಾವ ಗಣಿಯ ಯಂತ್ರ ಎಷ್ಟು ಎತ್ತಿತು ಅಂತ ಎಲ್ಲರ ಕಣ್ಣಿಗೂ ಬೀಳುವ ಪಟ್ಟಿ. ಪಕ್ಕದ ಗಣಿಯ ಎಂಜಿನಿಯರ್ ನನಗಿಂತ ಮುಂದೆ ಹೋದನಲ್ಲ ಅನ್ನೋ ಹೊಟ್ಟೆಕಿಚ್ಚು ಇದೆಯಲ್ಲ, ಅದು ದೊಡ್ಡ ಇಂಧನ. ಬಾಯ್ಲರ್ ಬದಲಾಯಿಸಿದರು, ಪೈಪಿಗೆ ಹೊದಿಕೆ ಹಾಕಿದರು, ಒಬ್ಬರದನ್ನೊಬ್ಬರು ಕದ್ದರು. ಕಾಲು ಶತಮಾನದೊಳಗೆ ಒಳ್ಳೆಯ ಯಂತ್ರಗಳು ಅಷ್ಟೇ ಕಲ್ಲಿದ್ದಲಿಗೆ ಮೊದಲಿನ ನಾಲ್ಕೈದು ಪಟ್ಟು ನೀರು ಎತ್ತತೊಡಗಿದವು. ಅಳೆದು ಎಲ್ಲರೆದುರು ಇಟ್ಟದ್ದೇ ಅರ್ಧ ಕೆಲಸ ಮಾಡಿತ್ತು. ಸಾಫ್ಟ್‌ವೇರಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂರು ವರ್ಷ ಹಿಂದಿನ ಡ್ಯಾಶ್‌ಬೋರ್ಡ್ ಅದು.

ಬೆಂಗಳೂರಿಗೆ ಬರೋಣ. 1876-78ರ ಮಹಾ ಬರ ಕೆರೆಗಳ ಮೇಲಿನ ನಂಬಿಕೆಯನ್ನು ಅಲ್ಲಾಡಿಸಿತು. ಸ್ಯಾಂಕಿ ಕೆರೆ ಕಟ್ಟಿದರು, ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ತರುವ ಚಾಮರಾಜೇಂದ್ರ ವಾಟರ್ ವರ್ಕ್ಸ್ ರೂಪುಗೊಂಡಿತು, 1896ರಲ್ಲಿ ನೀರು ಊರಿಗೆ ಬಂತು. ಹೆಸರಘಟ್ಟದಿಂದ ಸೋಲದೇವನಹಳ್ಳಿವರೆಗೆ ಇಟ್ಟಿಗೆಯ ಕಾಲುವೆಯಲ್ಲಿ ನೀರು ತಾನಾಗಿ ಹರಿಯುತ್ತಿತ್ತು, ಥೇಟ್ ನಮ್ಮ ಅಬ್ಬಿ ಥರ. ಸೋಲದೇವನಹಳ್ಳಿಯಲ್ಲಿ ಮಾತ್ರ ಕಥೆ ಬದಲಾಯಿತು. ಅಲ್ಲಿಂದ ಮಲ್ಲೇಶ್ವರದ ಕಡೆ ದಿಬ್ಬ ಹತ್ತಿಸಲು ಉಗಿ ಪಂಪು ಬೇಕಾಯಿತು. ಬೆಂಗಳೂರಿನ ಕುಡಿಯುವ ನೀರು ಬೆಂಕಿಯ ಬಲದಿಂದ ದಿಬ್ಬ ಹತ್ತಿ ಬರತೊಡಗಿದ್ದು ಅಲ್ಲಿಂದ. ಈ ಊರು ಇಳಿಜಾರಿನ ಲೆಕ್ಕ ಬಿಟ್ಟು ಪಂಪಿನ ಲೆಕ್ಕಕ್ಕೆ ದಾಟಿದ್ದು ಅಲ್ಲೇ ಅಂತ ನನಗನ್ನಿಸುತ್ತೆ.

ಅದೇ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಇನ್ನೊಂದು ಕನಸೂ ಶುರುವಾಯಿತು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಜಾಗದಲ್ಲಿ ಕರೆಂಟು ತೆಗೆಯೋದು. ಜಾಲಿ ಡಿ ಲಾಟ್ಬಿನಿಯೆರ್ ಎಂಬ ಎಂಜಿನಿಯರ್ ಹಿಂದೆ ಬಿದ್ದು ಮಾಡಿಸಿದ ಕೆಲಸ. 1901ರಲ್ಲಿ ಶೇಷಾದ್ರಿ ಅಯ್ಯರ್ ತೀರಿಕೊಂಡರು. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪ ಉರಿಯಿತು.

ಅಂದರೆ ಬೆಂಗಳೂರಿಗೆ ಕಾವೇರಿ ಮೊದಲು ಬಂದಿದ್ದು ನೀರಾಗಿ ಅಲ್ಲ, ಬೆಳಕಾಗಿ. ನೀರಾಗಿ ಬರಲು ಇನ್ನೂ ಸುಮಾರು ಎಪ್ಪತ್ತು ವರ್ಷ ಕಾಯಬೇಕಾಯಿತು. ನಡುವೆ 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬರಿದಾಯಿತು. ವಿಶ್ವೇಶ್ವರಯ್ಯನವರ ಸಲಹೆಯಂತೆ ಅರ್ಕಾವತಿ ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದಿತು, 1933ರಲ್ಲಿ ಅದರ ನೀರು ಬಂತು. ಅದು ಕಣಿವೆಯಲ್ಲಿದೆ, ಹೆಸರಘಟ್ಟಕ್ಕಿಂತ ಹೆಚ್ಚು ಎತ್ತಬೇಕು. ಆದರೆ ಅಷ್ಟರಲ್ಲಿ ಕರೆಂಟು ಇತ್ತಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಂಪು ಸಿಕ್ಕಿದ ಮೇಲೆ ಊರಿಗೂ ನೀರಿಗೂ ಇದ್ದ ಹಳೇ ಒಪ್ಪಂದ ಮುರಿದುಬಿತ್ತು. ಊರು ಬೆಳೆಯುವುದು ಮೊದಲು, ನೀರು ಹುಡುಕುವುದು ಆಮೇಲೆ.

1964ರಲ್ಲಿ ಬೆಂಗಳೂರು ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು, ದಿನಕ್ಕೆ 13.5 ಕೋಟಿ ಲೀಟರ್. ಆಮೇಲೆ ಎರಡು, ಮೂರು, ನಾಲ್ಕನೇ ಹಂತಗಳು. ನಾಲ್ಕನೇ ಹಂತದ ಎರಡನೇ ಘಟ್ಟ 2012ರಲ್ಲಿ ಮುಗಿದಾಗ ಒಟ್ಟು ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಯಿತು, ಇನ್ನೂ 77.5 ಕೋಟಿ. ಒಟ್ಟು 222.5 ಕೋಟಿ ಲೀಟರ್.

ಈ ನೀರು ಎಲ್ಲಿಂದ ಬರುತ್ತೆ ಗೊತ್ತಾ? ಶಿವನಸಮುದ್ರಕ್ಕೆ ಸ್ವಲ್ಪ ಮೇಲಿನ ಶಿವ ಅಣೆಕಟ್ಟಿನಿಂದ. ಅಲ್ಲಿಂದ ನೆಟ್ಕಲ್ ಜಲಾಶಯ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಅಲ್ಲಿ ಶುದ್ಧಮಾಡಿ ಪಂಪು. ಹಾರೋಹಳ್ಳಿಯಲ್ಲಿ ಇನ್ನೊಮ್ಮೆ ಪಂಪು, ತಾತಗುಣಿಯಲ್ಲಿ ಮತ್ತೊಮ್ಮೆ. ದೂರ ಸುಮಾರು 100 ಕಿಲೋಮೀಟರ್, ಪಂಪುಗಳು ಒಟ್ಟು ಕೊಡಬೇಕಾದ ಎತ್ತುಬಲ ಸುಮಾರು 500 ಮೀಟರ್. ಎರಡು ಊರುಗಳ ನೆಲದ ಎತ್ತರದ ವ್ಯತ್ಯಾಸ ಅಷ್ಟಿಲ್ಲ. ಉಳಿದದ್ದು ಅಷ್ಟುದ್ದದ ಕೊಳವೆಯ ಒಳಮೈಗೆ ನೀರು ಉಜ್ಜಿಕೊಂಡು ಬರುವುದಕ್ಕೆ ತೆರುವ ಸುಂಕ. ಇಳಿಜಾರು ಕಾಲುವೆಯಾಗಲಿ ಒತ್ತಡದ ಕೊಳವೆಯಾಗಲಿ, ದೂರಕ್ಕೂ ಬೆಲೆ ಇದೆ.

ಈಗ ಜೇಬಿನ ಅಂಕಿ ಹೊರಗೆ ತೆಗೆಯಿರಿ. 0.36ನ್ನು ಐದರಿಂದ ಗುಣಿಸಿದರೆ 1.8. ಕಿಲೋಲೀಟರಿಗೆ 1.8 ಯೂನಿಟ್. ಇದು ನನ್ನ ಅಂದಾಜು, ಪಂಪಿನ ಸ್ಥಿತಿ ನೋಡಿ ಹತ್ತು ಹದಿನೈದು ಪರ್ಸೆಂಟ್ ಆಚೀಚೆ ಆದೀತು. 222.5 ಕೋಟಿ ಲೀಟರ್ ಪೂರ್ತಿ ಹರಿದರೆ ದಿನಕ್ಕೆ 40 ಲಕ್ಷ ಯೂನಿಟ್. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಬಿಡದೆ ಓಡುವ 167 ಮೆಗಾವಾಟ್. ಶಿವನಸಮುದ್ರ ವಿದ್ಯುದಾಗಾರದ ಒಟ್ಟು ಸಾಮರ್ಥ್ಯ 42 ಮೆಗಾವಾಟ್!

ಇದನ್ನೇ ಕೊಡದ ಲೆಕ್ಕದಲ್ಲಿ ಹೇಳ್ತೀನಿ. ಶಿವನಸಮುದ್ರದ ಪವರ್‌ಹೌಸಿಗೆ ನೀರು ಸುಮಾರು 400 ಅಡಿ, ಅಂದರೆ 120 ಮೀಟರ್ ಬೀಳುತ್ತೆ. ಬೆಂಗಳೂರಿಗೆ ಎತ್ತಲು 500 ಮೀಟರ್. ಟರ್ಬೈನಿನಲ್ಲಿ ಒಂದಿಷ್ಟು, ಪಂಪಿನಲ್ಲಿ ಒಂದಿಷ್ಟು ನಷ್ಟ ಸೇರಿಸಿದರೆ, ಒಂದು ಕೊಡ ಕಾವೇರಿ ಬೆಂಗಳೂರು ಹತ್ತಬೇಕಾದರೆ ಆರು ಕೊಡಕ್ಕಿಂತ ಹೆಚ್ಚು ಕಾವೇರಿ ಶಿವನಸಮುದ್ರದಲ್ಲಿ ಕೆಳಗೆ ಬೀಳಬೇಕು. ಒಂದು ಕಾಲದಲ್ಲಿ ಗಣಿಗೂ ಊರಿಗೂ ಬೆಳಕು ಕೊಟ್ಟ ಹೊಳೆಯನ್ನು ಈಗ ಅದೇ ಜಾಗದಿಂದ ಎತ್ತಿ ತರಲು ಆ ಪವರ್‌ಹೌಸಿನಂಥವು ನಾಲ್ಕು ಬೇಕು. ನಿಜಕ್ಕೆ ಆ ಕರೆಂಟು ರಾಯಚೂರಿನ ಕಲ್ಲಿದ್ದಲಿನದೋ, ಶರಾವತಿಯದೋ, ಪಾವಗಡದ ಬಿಸಿಲಿನದೋ, ಗ್ರಿಡ್ಡಿನಲ್ಲಿ ಎಲ್ಲ ಕಲೆತು ಬರುತ್ತೆ.

ಇಲ್ಲೊಂದು ಮಾತು ನ್ಯಾಯವಾಗಿ ಹೇಳಬೇಕು. ಇಪ್ಪತ್ತು ಲೀಟರಿನ ಒಂದು ಬಕೆಟ್ ಕಾವೇರಿಯಲ್ಲಿ ಅಡಗಿರೋದು 0.036 ಯೂನಿಟ್. ಒಂಬತ್ತು ವಾಟ್‌ನ ಎಲ್‌ಇಡಿ ಬಲ್ಬು ನಾಲ್ಕು ಗಂಟೆ ಉರಿದಷ್ಟು. ಅದೇ ಬಕೆಟ್ಟನ್ನು ಗೀಸರಿನಲ್ಲಿ 25 ಡಿಗ್ರಿ ಬಿಸಿ ಮಾಡಿದರೆ ಹತ್ತಿರ ಹತ್ತಿರ 0.6 ಯೂನಿಟ್, ಹದಿನಾರು ಪಟ್ಟು. ಹಾಗಾಗಿ ನೀರೆತ್ತುವುದೇ ಮಹಾಪಾಪ ಅಂತ ನಾನು ಹೇಳ್ತಿಲ್ಲ. ತಲಾ 135 ಲೀಟರ್ ಅಂತ ನಾಲ್ಕು ಜನರ ಮನೆಗೆ ದಿನಕ್ಕೆ ಸುಮಾರು ಒಂದು ಯೂನಿಟ್, ತಿಂಗಳಿಗೆ ಮೂವತ್ತು. ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಕಾಣದ ಮೂವತ್ತು ಯೂನಿಟ್ ಅದು. ಕಾಣದಿರೋದೇ ಸಮಸ್ಯೆ. 2014ರಿಂದ 2025ರವರೆಗೆ ಬೆಂಗಳೂರಲ್ಲಿ ಮೊದಲ 8,000 ಲೀಟರಿಗೆ ನೀರಿನ ದರ ಕಿಲೋಲೀಟರಿಗೆ 7 ರೂಪಾಯಿ. ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡಿದರೂ ಎತ್ತುವ ಕರೆಂಟೇ ಹತ್ತು ರೂಪಾಯಿ ದಾಟುತ್ತೆ. ಹನ್ನೊಂದು ವರ್ಷ ಬಿಲ್ಲು ನಮಗೆ ನಿಜ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮೇಲಾಗಿ, ಹಾಗೆ ಕಷ್ಟಪಟ್ಟು ತಂದ ನೀರಿನಲ್ಲಿ ಶೇಕಡಾ ಮೂವತ್ತರ ಆಸುಪಾಸು ಲೆಕ್ಕಕ್ಕೆ ಸಿಗೋದಿಲ್ಲ. ಅದೆಲ್ಲ ಸೋರಿಕೆಯೇ ಅಲ್ಲ, ಮೀಟರ್ ಇಲ್ಲದ್ದೂ ಕದ್ದದ್ದೂ ಸೇರಿದೆ. ಆದರೆ ರಸ್ತೆಯಡಿ ಪೈಪಿನಿಂದ ಸೋರುವ ಪ್ರತಿ ಹನಿಯೂ ಮೂರು ಕಡೆ ಪಂಪಾಗಿ, ದಿಬ್ಬ ಹತ್ತಿ ಬಂದು ಸೋರುವ ಹನಿ. ನಮ್ಮಬ್ಬಿಯ ದಂಬೆ ಸೋರಿದರೆ ಪಕ್ಕದ ಬಾಳೆಗೆ ನೀರಾಯ್ತು ಅಷ್ಟೇ. ಇಲ್ಲಿ ಸೋರುವುದು ನೀರಿನ ಜೊತೆಗೆ ಕರೆಂಟು.

ಕಾವೇರಿ ಇಲ್ಲದ ಕಡೆ ಇನ್ನೂ ಕಷ್ಟ. ಸಾವಿರ ಅಡಿ ಬೋರ್‌ವೆಲ್ಲಿನಿಂದ ಎತ್ತುವುದು ಮುನ್ನೂರು ಮೀಟರ್. ಕಾವೇರಿಗಿಂತ ಕಡಿಮೆ ಅಲ್ವಾ ಅಂತೀರಿ. ಆದರೆ ಆ ಸಣ್ಣ ಮುಳುಗು ಪಂಪುಗಳು ಎಷ್ಟೋ ಕಡೆ ತಿಂದದ್ದರಲ್ಲಿ ಅರ್ಧವನ್ನೂ ಕೆಲಸಕ್ಕೆ ಕೊಡೋದಿಲ್ಲ. ನೂರಕ್ಕೆ ನಲವತ್ತು ಅಂತ ಇಟ್ಟುಕೊಂಡರೆ ಕಿಲೋಲೀಟರಿಗೆ ಎರಡು ಯೂನಿಟ್ ಆಗುತ್ತೆ, ನೂರು ಕಿಲೋಮೀಟರ್ ಆಚೆಯ ಕಾವೇರಿಗಿಂತ ಜಾಸ್ತಿ. ಮೇಲಿಂದ ಟ್ಯಾಂಕರಿನ ಡೀಸೆಲ್ಲು ಬೇರೆ.

ಇಷ್ಟೆಲ್ಲ ಓದಿದ ಮೇಲೆ ಊರಿನವರನ್ನು ಬೈಯುವ ಮೊದಲು ನಮ್ಮ ಕಟ್ಟಡದ್ದೇ ಅಳೆಯೋಣ ಅನ್ನಿಸಿತು. ಪಂಪ್ ರೂಮಿನಲ್ಲಿ ಕರೆಂಟಿಗೆ ಒಂದು ಮೀಟರ್, ಮೇಲಿನ ಟ್ಯಾಂಕಿನ ಪೈಪಿಗೆ ಒಂದು ಮೀಟರ್. ಒಂದು ತಿಂಗಳು ದಿನಾ ಬೆಳಿಗ್ಗೆ ಹೋಗಿ ಎರಡನ್ನೂ ಬರೆದುಕೊಂಡೆ. ಸೆಕ್ಯೂರಿಟಿಯವರು ನನ್ನನ್ನು ಒಂಥರಾ ನೋಡುತ್ತಿದ್ದರು. ತಿಂಗಳ ಕೊನೆಗೆ ಭಾಗಿಸಿ ನೋಡಿದರೆ ಆ ಎತ್ತರಕ್ಕೆ ಬೇಕಾದದ್ದರ ಎರಡು ಪಟ್ಟಿಗೂ ಹೆಚ್ಚು ಕರೆಂಟು ಹೋಗುತ್ತಿತ್ತು. ಪ್ಲಂಬರ್ ಕರೆಸಿದಾಗ ಗೊತ್ತಾಗಿದ್ದು, ಹಿಂದಕ್ಕೆ ನೀರು ಬಿಡದಂತೆ ತಡೆಯುವ ವಾಲ್ವ್ ಸವೆದು ಹೋಗಿ ಹತ್ತಿದ ನೀರಿನಲ್ಲಿ ಒಂದಷ್ಟು ರಾತ್ರಿಯೆಲ್ಲ ಸಂಪಿಗೇ ಇಳಿಯುತ್ತಿತ್ತು. ಪಂಪು ಮತ್ತೆ ಎತ್ತುತ್ತಿತ್ತು. ಅದೇ ನೀರು ಹತ್ತೋದು, ಇಳಿಯೋದು. ಎಷ್ಟು ವರ್ಷದಿಂದ ಹೀಗಿತ್ತೋ ದೇವರಿಗೇ ಗೊತ್ತು. ವಾಲ್ವಿನ ಬೆಲೆ ಎರಡು ಟ್ಯಾಂಕರ್ ನೀರಿನ ಬೆಲೆಗಿಂತ ಕಡಿಮೆ. ಯಾರ ತಪ್ಪೂ ಅಲ್ಲ ಅದು, ಯಾರೂ ಅಳೆದಿರಲಿಲ್ಲ ಅಷ್ಟೇ.

ಈ ಲೆಕ್ಕ ನನಗೆ ಬರೀ ಹವ್ಯಾಸ ಅಲ್ಲ. 2019ರ ಜುಲೈನಲ್ಲಿ ಶರಾವತಿಯ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ತರುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಆಯಿತು. ನಾನು ಆಫೀಸಿನಲ್ಲಿದ್ದೆ. ಪಕ್ಕದ ಸೀಟಿನ ಗೆಳೆಯ "ನಿಮ್ಮ ಮಲ್ನಾಡಲ್ಲಿ ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತಲ್ಲ" ಅಂದ. ಆವಾಗ ನನ್ನ ಹತ್ತಿರ ಸಿಟ್ಟು ಇತ್ತು, ಉತ್ತರ ಇರಲಿಲ್ಲ. ಈಗ ಇದೆ. ಲಿಂಗನಮಕ್ಕಿಯ ಒಂದು ಕಿಲೋಲೀಟರ್ ನೀರು ಶರಾವತಿ ಕಣಿವೆಗೆ ಬಿದ್ದರೆ ಸುಮಾರು ಒಂದು ಯೂನಿಟ್ ಕರೆಂಟು ಕೊಡುತ್ತೆ. ಬೆಂಗಳೂರಿಗೆ ಹೊರಳಿಸಿದರೆ ಆ ಯೂನಿಟ್ ಹೋಯಿತು, ಎತ್ತೋಕೆ ಬೇರೆ ಯೂನಿಟ್‌ಗಳು ಬೇಕು. ಎರಡೂ ಕಡೆ ನಷ್ಟ. ನಮ್ಮ ಪಕ್ಕದ ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದ ಹತ್ತಿರ ತುಂಗೆಯನ್ನು ಎತ್ತಿ ಭದ್ರಾ ಜಲಾಶಯಕ್ಕೆ ಹಾಯಿಸುವ ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕ 17.40 ಟಿಎಂಸಿ. ಅದು ಚಿತ್ರದುರ್ಗ, ತುಮಕೂರು ಕಡೆಯ ಬರದ ಭೂಮಿಗೆ. ಅಲ್ಲಿಯ ರೈತನ ಬಾಯಾರಿಕೆ ನನ್ನ ಶವರಿಗಿಂತ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ನನ್ನ ಮಾತು ಇಷ್ಟೇ: ಒಂದು ಟಿಎಂಸಿ ನೀರನ್ನು ನೂರು ಮೀಟರ್ ಎತ್ತಿದರೆ ಹತ್ತಿರ ಹತ್ತಿರ ಒಂದು ಕೋಟಿ ಯೂನಿಟ್. ಯೋಜನೆಯ ಸುದ್ದಿಯಲ್ಲಿ ಎಷ್ಟು ಟಿಎಂಸಿ, ಎಷ್ಟು ಸಾವಿರ ಕೋಟಿ ರೂಪಾಯಿ ಅಂತ ದಪ್ಪಕ್ಷರದಲ್ಲಿ ಬರುತ್ತೆ. ಎಷ್ಟು ಮೀಟರ್, ವರ್ಷಕ್ಕೆ ಎಷ್ಟು ಯೂನಿಟ್ ಅನ್ನುವ ಸಾಲು ಕಾಣಿಸೋದೇ ಅಪರೂಪ. ಕಟ್ಟುವ ಖರ್ಚು ಒಂದು ಸಲದ್ದು, ಎತ್ತುವ ಖರ್ಚು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುವಂಥದ್ದು.

ಲೀನ್ ಮಾಡಿದ್ದು ಕಷ್ಟದ ಕೆಲಸ ಅಲ್ಲ. ಪ್ರತಿ ಊರಿನ ಪ್ರತಿ ಪಂಪ್‌ಹೌಸಿನ ಮುಂದೆ ಒಂದು ಬೋರ್ಡು, ಈ ತಿಂಗಳು ಎಷ್ಟು ಕಿಲೋಲೀಟರ್, ಎಷ್ಟು ಯೂನಿಟ್, ಭಾಗಿಸಿದರೆ ಎಷ್ಟು. ಬೆಂಗಳೂರಿನದು, ಹುಬ್ಬಳ್ಳಿಯದು, ಹೊಳೆ ಪಕ್ಕದಲ್ಲೇ ಇದ್ದೂ ಪಂಪಿಗೆ ಕಾಯುವ ನಮ್ಮ ಸಣ್ಣ ಊರುಗಳದ್ದು, ಎಲ್ಲ ಒಂದೇ ಪಟ್ಟಿಯಲ್ಲಿ. ಒಂದೂರಿನ ಅಂಕಿ ಹೋದ ವರ್ಷಕ್ಕಿಂತ ಏರಿದರೆ ಯಾಕೆ ಅಂತ ಕೇಳಬಹುದು. ಪಂಪು ಸವೆಯಿತೋ, ಪೈಪಿನೊಳಗೆ ಪಾಚಿ ಕಟ್ಟಿತೋ, ವಾಲ್ವ್ ಹೋಯಿತೋ. ಅಂಕಿಯೇ ಇಲ್ಲದಿದ್ದರೆ ಕೇಳೋದು ಯಾರನ್ನ, ಏನಂತ?

ಇಷ್ಟು ಬರೆದವನ ಮನೆಯ ಕಥೆಯನ್ನೂ ಹೇಳಿಬಿಡಬೇಕು. ಬೇಸಿಗೆಯಲ್ಲಿ ಅಬ್ಬಿ ಸಣ್ಣದಾಗುತ್ತೆ ಅಂತ ಅಪ್ಪ ಕೆಲವು ವರ್ಷಗಳ ಹಿಂದೆ ಬೋರ್ ತೆಗೆಸಿದರು, ತೋಟಕ್ಕೆ ಐದು ಎಚ್‌ಪಿ ಪಂಪು. ರಾಜ್ಯದಲ್ಲಿ ಕೃಷಿಗೆ ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ. ಹಾಗಾಗಿ ನಮ್ಮ ಪಂಪು ಎಷ್ಟು ತಿನ್ನುತ್ತೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬೆಂಗಳೂರಿಗೆ ನಾನು ಕೇಳುವ ಪ್ರಶ್ನೆಗೆ ನಮ್ಮ ತೋಟದಲ್ಲೂ ಉತ್ತರ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜನ ಹಳೇ ಪಂಚಾಂಗಗಳ ಕಟ್ಟು ಸಿಕ್ಕಿತು. ಅಜ್ಜನಿಗೆ ಒಂದು ಅಭ್ಯಾಸ ಇತ್ತು ಅಂತ ಅಪ್ಪ ಹೇಳುತ್ತಿದ್ದರು, ನಾನು ನಂಬಿರಲಿಲ್ಲ. ಪ್ರತಿ ವರ್ಷ ಸಂಕ್ರಾಂತಿಗೆ, ಶಿವರಾತ್ರಿಗೆ, ಯುಗಾದಿಗೆ ಅಬ್ಬಿಯ ಕೆಳಗೆ ಒಂದೇ ಕೊಡ ಇಟ್ಟು ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಪಂಚಾಂಗದ ಅಂಚಿಗೆ ಪೆನ್ಸಿಲಿನಲ್ಲಿ ಗುರುತು ಹಾಕೋದು. ಗಡಿಯಾರ ಇಲ್ಲದಾಗ ಎಣಿಕೆ, ಗಡಿಯಾರ ಬಂದ ಮೇಲೆ ನಿಮಿಷ. ಯುಗಾದಿಯ ಅಂಕಿ ನೋಡಿ ಆ ವರ್ಷ ತೋಟದ ಯಾವ ಭಾಗಕ್ಕೆ ನೀರು ಬಿಡೋದು, ಯಾವುದಕ್ಕೆ ಬಿಡಬಾರದು ಅಂತ ತೀರ್ಮಾನ ಮಾಡುತ್ತಿದ್ದರಂತೆ. ಬೋರ್ ಬಂದ ವರ್ಷದಿಂದ ಪಂಚಾಂಗದ ಅಂಚು ಖಾಲಿ.

ಮರುದಿನ ಬೆಳಿಗ್ಗೆ ನಾನೂ ಅಪ್ಪನೂ ಅದೇ ಅಳತೆಯ ಕೊಡ ತಂದು ಅಬ್ಬಿಯ ಕೆಳಗಿಟ್ಟೆವು. ಈಗ ದಂಬೆ ಇಲ್ಲ, ಕಪ್ಪು ಪ್ಲಾಸ್ಟಿಕ್ ಪೈಪು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಅಪ್ಪ ಒಳಗಿಂದ ಪೆನ್ಸಿಲ್ ತಂದರು. "ಪಂಪಿಗೂ ಒಂದು ಮೀಟ್ರು ಹಾಕ್ಸಣ, ಎಷ್ಟಾಗ್ತದೆ ನೋಡು" ಅಂದರು. ಬೆಂಗಳೂರಿಗೆ ಬಂದ ಮೇಲೆ ಮೊದಲು ಕೊಂಡಿದ್ದು ಅದನ್ನೇ.